ಸಾದಾ ಲೇತ್‌ನಿಂದ ಸಿಎನ್‌ಸಿಗೆ ಹೋಗುವವರು ಬಟನ್ ಒತ್ತುವಲ್ಲೇ ನಿಲ್ಲಬೇಡಿ

ಹತ್ತಿಪ್ಪತ್ತು ವರ್ಷ ಲೇತ್ (ಲೋಹವನ್ನು ತಿರುಗಿಸಿ ಕಡಿಯುವ ಮಷೀನ್) ಓಡಿಸಿದ ಟರ್ನರ್ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಓಡುವ ಮಷೀನ್) ಶಾಪಿಗೆ ಹೋದರೆ ಮೊದಲು ಸಿಗುವ ಕೆಲಸ ಇದು: ಬಾಗಿಲು ತೆಗೆ, ಜಾಬ್ (ಕಡಿಯಬೇಕಾದ ಲೋಹದ ತುಂಡು) ಹಾಕು, ಬಾಗಿಲು ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು. ಮಷೀನ್ ಕತ್ತರಿಸುವಷ್ಟು ಹೊತ್ತು ಹಿಂದಿನ ಪೀಸಿನ ಬರ್ (ಅಂಚಿನ ಚೂಪು ಚೂರು) ತೆಗೆ, ಗೇಜ್ ಹಾಕಿ ನೋಡು, ಟ್ರೇಗೆ ಜೋಡಿಸು. ಪಕ್ಕದ ಮಷೀನಿನಲ್ಲಿ ಮೊನ್ನೆ ಸೇರಿದ ಹುಡುಗನೂ ಅದನ್ನೇ ಮಾಡುತ್ತಿರುತ್ತಾನೆ, ಸಂಬಳವೂ ಹೆಚ್ಚುಕಮ್ಮಿ ಅಷ್ಟೇ. ಇಷ್ಟಕ್ಕೇನಾ ನಾನು ಇಷ್ಟು ವರ್ಷ ಕೈ ಕಪ್ಪು ಮಾಡಿಕೊಂಡಿದ್ದು ಅಂತ ಅನ್ನಿಸುತ್ತೆ, ಅಲ್ವಾ?

ಬೆಂಗಳೂರಿನ ಪೀಣ್ಯ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಸಿಎನ್‌ಸಿ ಕೆಲಸದಲ್ಲಿ ಮೂರು ಹಂತ. ಮಷೀನ್ ಓಡಿಸುವ ಆಪರೇಟರ್, ಟೂಲ್ ಕಟ್ಟಿ ಸೈಜ್ ಹೊಂದಿಸಿಕೊಡುವ ಸೆಟ್ಟರ್, ಕೋಡ್ ಬರೆಯುವ ಪ್ರೋಗ್ರಾಮರ್. ಆಪರೇಟರ್ ಕೆಲಸವನ್ನು ಯಾರಿಗೆ ಬೇಕಾದರೂ ವಾರದಲ್ಲಿ ಕಲಿಸಬಹುದು, ಹಾಗಾಗಿಯೇ ಅಲ್ಲಿ ಕೂಲಿ ಏರುವುದಿಲ್ಲ. ಪ್ರೋಗ್ರಾಮಿಂಗ್‌ಗೆ ಡಿಪ್ಲೊಮಾ ಓದಿ ಕಂಪ್ಯೂಟರ್ ಮುಂದೆ ಕೂತವರ ಪೈಪೋಟಿ ಇದೆ. ನಡುವಿನ ಸೆಟ್ಟರ್ ಕೆಲಸದಲ್ಲಿ ಮಾತ್ರ ಹಳೇ ಟರ್ನರ್‌ಗೆ ತಿಳಿದದ್ದೆಲ್ಲ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಈ ಬರಹ ಅಲ್ಲಿಗೆ ತಲುಪುವುದು ಹೇಗೆ ಅನ್ನುವುದರ ಬಗ್ಗೆ ಮಾತ್ರ.

ಈ ಬದಲಾವಣೆ ನಿನ್ನೆ ಮೊನ್ನೆಯದಲ್ಲ. ಜಾನ್ ಪಾರ್ಸನ್ಸ್ ಅನ್ನುವವರು ಹೆಲಿಕಾಪ್ಟರ್ ರೆಕ್ಕೆಯ ಆಕಾರವನ್ನು ಅಂಕಿಗಳಲ್ಲಿ ಲೆಕ್ಕ ಹಾಕಿ ಮಷೀನಿಗೆ ಕೊಡಬಹುದು ಅಂತ ಹೊರಟರು, ಅಮೆರಿಕದ ವಾಯುಪಡೆ ದುಡ್ಡು ಹಾಕಿತು, ತೂತು ಹೊಡೆದ ಟೇಪ್ ಓದಿ ತಾನೇ ಓಡುವ ಮಿಲ್ಲಿಂಗ್ ಮಷೀನನ್ನು 1952ರಲ್ಲಿ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೋರಿಸಿಯೂ ಆಯಿತು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ ಸೇರಿ ಲೇತ್ ಮಾಡೋಕೆ. ಅಂದರೆ ನಮ್ಮೂರಿನ ಟರ್ನರ್‌ಗೆ ಒಳ್ಳೇ ಕಾಲ ಶುರುವಾಗುವ ಮೊದಲೇ ಅವನ ಕೈಯ ಬದಲಿಗೆ ಬರುವ ಮಷೀನ್ ತಯಾರಾಗಿತ್ತು. ಇಲ್ಲಿಗೆ ಬಂದು ಮುಟ್ಟೋದಕ್ಕೆ ದಶಕಗಳು ಹಿಡಿದವು, ಅಷ್ಟೇ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಕೋಡ್ (ಮಷೀನಿಗೆ ಕೊಡುವ ಆಜ್ಞೆ) ಅಂದರೆ ಹೆದರುವುದನ್ನು ಬಿಡಿ. ದಿನಾ ಬೇಕಾಗುವವು ಹದಿನೈದು ಇಪ್ಪತ್ತು ಇರಬಹುದು. ಜಿ00 ಅಂದರೆ ಗಾಳಿಯಲ್ಲಿ ಜೋರಾಗಿ ಓಡು, ಇದೇ ರ‍್ಯಾಪಿಡ್. ಜಿ01 ಅಂದರೆ ಫೀಡ್‌ನಲ್ಲಿ (ಕಡಿಯುವ ನಿಧಾನ ವೇಗದಲ್ಲಿ) ನೇರ ಹೋಗು. ಜಿ02, ಜಿ03 ರೇಡಿಯಸ್‌ಗೆ. ಎಂ03 ಸ್ಪಿಂಡಲ್ (ಜಾಬ್ ಹಿಡಿದು ತಿರುಗುವ ಭಾಗ) ತಿರುಗಿಸು, ಎಂ05 ನಿಲ್ಲಿಸು, ಎಂ08 ಕೂಲಂಟ್ ಬಿಡು, ಎಂ30 ಪ್ರೋಗ್ರಾಂ ಮುಗೀತು. ಕ್ರಾಸ್ ಸ್ಲೈಡ್ ಓಡಾಡುವ ದಿಕ್ಕು (ಜಾಬಿಗೆ ಅಡ್ಡ) ಎಕ್ಸ್, ಕ್ಯಾರೇಜ್ ಓಡಾಡುವ ದಿಕ್ಕು (ಜಾಬಿನ ಉದ್ದಕ್ಕೆ) ಝಡ್. ಎಕ್ಸ್‌ನಲ್ಲಿ ಬರೆಯುವುದು ಸಾಮಾನ್ಯವಾಗಿ ಪೂರ್ತಿ ಡಯಾಮೀಟರ್, ಅರ್ಧ ಅಲ್ಲ. ಇಷ್ಟನ್ನು ಒಂದು ಪಾಕೆಟ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಓಡುತ್ತಿರುವ ಪ್ರೋಗ್ರಾಂ ಸ್ಕ್ರೀನ್ ಮೇಲೆ ಬರುವಾಗ ಸಾಲು ಸಾಲಾಗಿ ಹೊಂದಿಸಿ ನೋಡಿ. ಟೂಲ್ ಈಗ ಎಲ್ಲಿಗೆ ಹೋಗುತ್ತದೆ ಅಂತ ಅದು ಹೋಗುವ ಮೊದಲೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ತಿಂಗಳೊಪ್ಪತ್ತಿನಲ್ಲಿ ಓದೋಕೆ ಬರುತ್ತದೆ, ಸುಮ್ನೆ ಹೇಳುತ್ತಿಲ್ಲ.

ದಶಮಾಂಶ ಚುಕ್ಕಿಯ ವಿಷಯದಲ್ಲಿ ಮಾತ್ರ ಬಹಳ ಹುಷಾರು. ಫ್ಯಾನಕ್ ಕಂಪನಿಯ ಕಂಟ್ರೋಲ್ ಇರುವ ಎಷ್ಟೋ ಮಷೀನುಗಳಲ್ಲಿ 40 ಅಂತ ಹೊಡೆದು ಮುಂದೆ ಚುಕ್ಕಿ ಇಡದಿದ್ದರೆ ಅದು 40 ಮಿಮೀ ಅಲ್ಲ, 0.040 ಮಿಮೀ. 40 ಮಿಮೀ ಡಯಾಮೀಟರ್‌ಗೆ ಬರಬೇಕಾದ ಟೂಲ್ ನೇರ ಜಾಬಿನ ನಡುವಿಗೇ ನುಗ್ಗುತ್ತದೆ, ಅದೂ ರ‍್ಯಾಪಿಡ್‌ನಲ್ಲಿ. ಟರೆಟ್ (ಟೂಲುಗಳನ್ನು ಹಿಡಿದ ತಿರುಗುವ ತಲೆ) ಅಲೈನ್‌ಮೆಂಟ್ ಹೋಗುತ್ತದೆ, ಕೆಲವು ಸಲ ಚಕ್ಕಿನಿಂದ ಜಾಬ್ ಹಾರುತ್ತದೆ. ಆದ್ದರಿಂದ ಹೊಸ ಪ್ರೋಗ್ರಾಂ ಆಗಲಿ, ನೀವು ಒಂದಂಕಿ ತಿದ್ದಿದ್ದೇ ಆಗಲಿ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಸ್ವಿಚ್) ಹಾಕಿ, ರ‍್ಯಾಪಿಡ್ ಓವರ್‌ರೈಡ್ ಕೆಳಗಿಳಿಸಿ, ಒಂದು ಕೈ ಫೀಡ್ ಹೋಲ್ಡ್ (ಟೂಲ್ ನಿಲ್ಲಿಸುವ ಬಟನ್) ಮೇಲೆ ಇಟ್ಟುಕೊಂಡು ಓಡಿಸಿ. ಟೂಲ್ ಜಾಬಿನ ಹತ್ತಿರ ಬಂದಾಗ ನಿಲ್ಲಿಸಿ, ಸ್ಕ್ರೀನಿನಲ್ಲಿ ಇನ್ನೆಷ್ಟು ದೂರ ಬಾಕಿ ಅಂತ ತೋರಿಸುವ ಅಂಕಿಯನ್ನೂ ಕಣ್ಣಿಗೆ ಕಾಣುವ ಜಾಗವನ್ನೂ ಹೋಲಿಸಿ. ಬಾಕಿ 60 ಮಿಮೀ ಅನ್ನುತ್ತಿದೆ, ಕಣ್ಣಿಗೆ 10 ಮಿಮೀ ಮಾತ್ರ ಕಾಣುತ್ತಿದೆ ಅಂದರೆ ರೀಸೆಟ್ ಒತ್ತಿ. ಸೂಪರ್‌ವೈಸರ್ ಹಿಂದೆ ನಿಂತು ಬೇಗ ಬೇಗ ಅಂತಿದ್ದರೂ ಇದನ್ನು ಬಿಡಬೇಡಿ, ಟೂಲ್ ಹೊಡೆದ ಮೇಲೆ ಆ ಬೇಗ ಅಂದವರು ಪಕ್ಕಕ್ಕೆ ಸರಿದುಬಿಡುತ್ತಾರೆ.

ಎರಡನೆಯದು ಆಫ್‌ಸೆಟ್. ಆಪರೇಟರ್‌ಗೂ ಸೆಟ್ಟರ್‌ಗೂ ಇರುವ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ. ಹೊಸ ಟೂಲ್ ಕಟ್ಟಿದಾಗ ಅದರ ತುದಿ ಎಲ್ಲಿದೆ ಅಂತ ಮಷೀನಿಗೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು, ಆ ಅಂಕಿಯೇ ಆಫ್‌ಸೆಟ್. ಜಾಬಿನ ಫೇಸ್ ಸ್ವಲ್ಪ ತೆಗೆಯಿರಿ, ಝಡ್ ಅಲುಗಿಸದೆ ಎಕ್ಸ್ ಕಡೆಯಿಂದ ಹೊರಗೆ ಬನ್ನಿ, ಜ್ಯಾಮಿಟ್ರಿ ಪೇಜಿನಲ್ಲಿ ಅದೇ ಟೂಲಿನ ನಂಬರಿಗೆ ಹೋಗಿ ಝಡ್ ಸೊನ್ನೆ ಹೊಡೆದು ಮೆಶರ್ ಒತ್ತಿ. ಆಮೇಲೆ ಹೊರಗಿನ ಡಯಾಮೀಟರ್ ಮೇಲೆ ಸ್ವಲ್ಪ ಟರ್ನಿಂಗ್ ಮಾಡಿ, ಈ ಸಲ ಎಕ್ಸ್ ಅಲುಗಿಸದೆ ಝಡ್ ಕಡೆಗೆ ಹೊರಬನ್ನಿ, ಸ್ಪಿಂಡಲ್ ನಿಲ್ಲಿಸಿ ಮೈಕ್ರೋಮೀಟರ್ ಹಿಡಿಯಿರಿ. 38.46 ಬಂತು ಅಂದುಕೊಳ್ಳಿ, ಎಕ್ಸ್ 38.46 ಹೊಡೆದು ಮೆಶರ್. ಹಳೇ ಟೂಲಿನ ವೇರ್ (ಸವೆತಕ್ಕೆ ಮಾಡಿದ ಸಣ್ಣ ತಿದ್ದುಪಡಿ) ಅಂಕಿ ಹಾಗೇ ಕೂತಿದ್ದರೆ ಸೊನ್ನೆ ಮಾಡಿ. ಟೂಲ್ ಟಚ್ ಮಾಡಿ ಡಯಲ್ ಸೊನ್ನೆ ಮಾಡಿಕೊಂಡು ಅಭ್ಯಾಸ ಇರುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಡಯಲ್ ಬದಲು ಸ್ಕ್ರೀನ್.

ಓಡುವಾಗ ಸೈಜ್ ಹಿಡಿಯುವುದು ವೇರ್ ಪೇಜಿನಲ್ಲಿ. ಡ್ರಾಯಿಂಗ್‌ನಲ್ಲಿ 25 ಮಿಮೀ, ಮೇಲೆ ಸೊನ್ನೆ, ಕೆಳಗೆ 0.02 ಅಂತ ಇದೆ. ಪೀಸ್ 25.03 ಬರುತ್ತಿದೆ. 25ಕ್ಕೆ ತಂದರೆ ಸಾಲದು, ನಡುವಿನ 24.99ಕ್ಕೆ ತನ್ನಿ, ಅಂದರೆ ವೇರ್‌ನಲ್ಲಿ ಎಕ್ಸ್‌ಗೆ ಮೈನಸ್ 0.04 ಕೂಡಿಸಿ. ಇಲ್ಲೂ 0.04 ಬದಲು 0.4 ಬಿದ್ದರೆ ಜಾಬ್ ಸ್ಕ್ರ್ಯಾಪ್, ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಇನ್ಸರ್ಟ್ (ಟೂಲ್ ತುದಿಯ ಬದಲಿಸಬಹುದಾದ ತುಂಡು) ಸವೆಯುತ್ತಾ ಹೋದ ಹಾಗೆ ಹೊರಗಿನ ಡಯಾಮೀಟರ್ ದಪ್ಪ ಆಗುತ್ತದೆ, ಬೋರ್ (ಒಳಗಿನ ತೂತು) ಕಿರಿದಾಗುತ್ತದೆ. ಬೆಳಿಗ್ಗೆ ತಣ್ಣಗಿದ್ದ ಮಷೀನ್ ಬಿಸಿ ಏರಿದ ಮೇಲೂ ಸೈಜ್ ಜಾರುತ್ತದೆ, ಊಟಕ್ಕೆ ನಿಲ್ಲಿಸಿ ಬಂದ ಮೇಲೆ ಮತ್ತೆ ಜಾರುತ್ತದೆ. ಎಷ್ಟನೇ ಪೀಸಿಗೆ ಎಷ್ಟು ಮೈಕ್ರಾನ್ ಜಾರಿತು ಅಂತ ಒಂದು ವಾರ ಬರೆದಿಡಿ. ನೀವು ಸೆಟ್ಟರ್ ಆಗೋಕೆ ಲಾಯಕ್ಕು ಅಂತ ತೋರಿಸಲು ಆ ಹಾಳೆಗಿಂತ ಒಳ್ಳೇ ಸರ್ಟಿಫಿಕೇಟ್ ಇಲ್ಲ.

ಸ್ಪೀಡ್ ವಿಷಯದಲ್ಲಿ ಹಳೇ ಅಭ್ಯಾಸ ಸ್ವಲ್ಪ ತೊಂದರೆ ಕೊಡುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನಲ್ಲಿ ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 25, 30 ಮೀಟರ್ ಕೊಡುತ್ತಿದ್ದವರು ಕಾರ್ಬೈಡ್ ಇನ್ಸರ್ಟಿಗೆ 200 ಅಂದರೆ ಹೆದರುತ್ತಾರೆ. ಲೆಕ್ಕ ಅದೇ: ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, ಅದನ್ನು 3.14 ಗುಣಿಸು ಡಯಾಮೀಟರ್‌ನಿಂದ ಭಾಗಿಸಿ. 40 ಮಿಮೀ ಜಾಬಿಗೆ 200 ಮೀಟರ್ ಅಂದರೆ ಸುಮಾರು 1,590 ಆರ್‌ಪಿಎಂ. ಎಚ್‌ಎಸ್‌ಎಸ್‌ನಲ್ಲಿ ಚಿಪ್ (ಕಡಿದು ಬೀಳುವ ಲೋಹದ ಚೂರು) ನೀಲಿ ಬಂದರೆ ಬಿಟ್ ಸುಟ್ಟಿತು ಅಂತ ಓಡಿ ಬರುತ್ತಿದ್ದೆವು. ಕಾರ್ಬೈಡ್‌ನಲ್ಲಿ ಸ್ಟೀಲ್ ಕಡಿಯುವಾಗ ನೀಲಿ ಚಿಪ್ ತಪ್ಪಲ್ಲ, ಬಿಸಿಯನ್ನು ಚಿಪ್ ಹೊತ್ತುಕೊಂಡು ಹೋಗುತ್ತಿದೆ ಅಂತ ಅರ್ಥ. ಉದ್ದುದ್ದ ಸುರುಳಿಯಾಗಿ ಬಂದು ಜಾಬಿಗೆ ಸುತ್ತಿಕೊಂಡರೆ ಮಾತ್ರ ಫೀಡ್ ಸ್ವಲ್ಪ ಏರಿಸಿ, ತುಂಡಾಗಿ ಬೀಳುತ್ತದೆ. ಫಿನಿಶ್ ಬೇಕಾದಾಗ ಫೀಡ್ ಇಳಿಸಬೇಕು. ಫೀಡ್ ಎರಡು ಪಟ್ಟು ಆದರೆ ಜಾಬಿನ ಮೇಲೆ ಉಳಿಯುವ ಗೆರೆಯ ಎತ್ತರ ನಾಲ್ಕು ಪಟ್ಟು ಆಗುತ್ತದೆ ಅನ್ನುವುದು ನೆನಪಿರಲಿ.

ಜಿ96 (ಕಟಿಂಗ್ ಸ್ಪೀಡ್ ಒಂದೇ ಇಡುವ ಕೋಡ್) ಇದ್ದರೆ ಡಯಾಮೀಟರ್ ಕಡಿಮೆಯಾದ ಹಾಗೆ ಮಷೀನೇ ಆರ್‌ಪಿಎಂ ಏರಿಸುತ್ತದೆ. 40 ಮಿಮೀನಲ್ಲಿ 1,590 ಇದ್ದದ್ದು 10 ಮಿಮೀಗೆ ಬರುವಾಗ 6,360 ಕೇಳುತ್ತದೆ. ಫೇಸಿಂಗ್ ಮಾಡುತ್ತಾ ನಡುವಿಗೆ ಹೋದರೆ ಇನ್ನೂ ಮೇಲೆ. ಅದಕ್ಕೇ ಮೊದಲೇ ಜಿ50 ಜೊತೆ ಗರಿಷ್ಠ ಆರ್‌ಪಿಎಂ ಕಟ್ಟಿಹಾಕುವ ಸಾಲು ಇರಬೇಕು. ಚಕ್ ದೊಡ್ಡದಿದ್ದು ಈ ಸಾಲು ಕಾಣದಿದ್ದರೆ ಸೈಕಲ್ ಸ್ಟಾರ್ಟ್ ಒತ್ತಲೇಬೇಡಿ, ಯಾರು ಬರೆದ ಪ್ರೋಗ್ರಾಂ ಆದರೂ ಸರಿ.

ಇನ್ನು ಥ್ರೆಡ್. ಚೇಂಜ್ ಗೇರ್ ಹಾಕಿ, ಹಾಫ್ ನಟ್ ಹಿಡಿದು, ಥ್ರೆಡ್ ಡಯಲ್ ನೋಡಿಕೊಂಡು ಎಂ20 ಗುಣಿಸು 1.5 ಥ್ರೆಡ್ (20 ಮಿಮೀ ಡಯಾಮೀಟರ್, 1.5 ಮಿಮೀ ಪಿಚ್) ಕಡಿದವರಿಗೆ ಥ್ರೆಡ್ ಕಡಿಯುವ ಕೋಡ್ ಜಿ76 ನೋಡಿ ಬೇಜಾರಾಗಬಹುದು. ಎರಡು ಸಾಲು, ಕೆಲಸ ಮುಗೀತು. ಆದರೆ ಆ ಸಾಲಿಗೆ ಅಂಕಿ ಎಲ್ಲಿಂದ ಬರುತ್ತದೆ? ಪಿಚ್‌ಗೆ 0.613 ಗುಣಿಸಿದರೆ ಆಳ 0.92, ಎರಡು ಕಡೆಯದು ಕಳೆದರೆ ತಳದ ಡಯಾಮೀಟರ್ 18.16. ಈ 0.613 ನಿಮಗೆ ಬಾಯಿಪಾಠ ಇದೆ, ಬಟನ್ ಒತ್ತುವ ಹುಡುಗನಿಗೆ ಇಲ್ಲ. ಹಳೇ ಕೆಲಸದಿಂದ ಹೊಸದಕ್ಕೆ ತರಬೇಕಾದ್ದು ಇಂಥದ್ದನ್ನೇ: ಲೆಕ್ಕ, ಮೈಕ್ರೋಮೀಟರ್ ಹಿಡಿಯುವ ಹದ, ತೆಳು ಬುಷ್ ಹಿಡಿಯುವಾಗ ಚಕ್ ಪ್ರೆಶರ್ ಎಷ್ಟು ಇಳಿಸಬೇಕು ಅನ್ನುವ ಅಂದಾಜು, ಚಾಟರ್ (ಕಡಿಯುವಾಗ ಟೂಲ್ ನಡುಗುವುದು) ಶುರುವಾಗುವ ಮೊದಲೇ ಅದನ್ನು ಹಿಡಿಯುವ ಕಿವಿ. ಬಾಗಿಲು ಮುಚ್ಚಿದ್ದರೂ ಶಬ್ದ ಕೇಳುತ್ತದೆ.

ಕಲಿಯೋದು ಎಲ್ಲಿ? ಸರ್ಕಾರದ ತರಬೇತಿ ಸಂಸ್ಥೆ ಜಿಟಿಟಿಸಿ ಇದೆ, ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದು, ಈಗ ರಾಜ್ಯದ ಬೇರೆ ಬೇರೆ ಊರುಗಳಲ್ಲೂ ಕೇಂದ್ರಗಳಿವೆ, ಅಲ್ಪಾವಧಿ ಕೋರ್ಸ್ ವಿಚಾರಿಸಿ. ಖಾಸಗಿ ಇನ್‌ಸ್ಟಿಟ್ಯೂಟ್ ಆದರೆ ಒಂದೇ ಪ್ರಶ್ನೆ ಕೇಳಿ: ಮಷೀನ್ ಮೇಲೆ ನನ್ನ ಕೈಯಲ್ಲೇ ಟೂಲ್ ಆಫ್‌ಸೆಟ್ ತೆಗೆಸುತ್ತೀರಾ? ಉತ್ತರ ಸುತ್ತಿ ಬಳಸಿ ಬಂದರೆ ದುಡ್ಡು ಕಟ್ಟಬೇಡಿ. ಪ್ರೋಗ್ರಾಂ ಓದೋಕೆ ಅಭ್ಯಾಸ ಬೇಕಾದರೆ ಮೊಬೈಲಿನಲ್ಲೇ ಸಿಮ್ಯುಲೇಟರ್ ಸಿಗುತ್ತದೆ, ಅಲ್ಲಿ ಟೂಲ್ ಎಷ್ಟು ಸಲ ಹೊಡೆದರೂ ಯಾರೂ ಬೈಯುವುದಿಲ್ಲ.

ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಇನ್ನೂ ಕೆಲವು ಮಾತು ಕೇಳಿಬಿಡಿ, ಸಂಕೋಚ ಬೇಡ. ಒಬ್ಬರಿಗೆ ಎಷ್ಟು ಮಷೀನ್? ಎರಡು ಅಂದರೆ ಸೈಕಲ್ ಟೈಮ್ ಎಷ್ಟು? 3 ನಿಮಿಷದ ಸೈಕಲ್ ಇರುವ ಎರಡು ಮಷೀನ್ ನೋಡಿಕೊಳ್ಳಬಹುದು, 40 ಸೆಕೆಂಡಿನದು ಎರಡು ಕೊಟ್ಟರೆ ನೀರು ಕುಡಿಯೋಕೂ ಪುರುಸೊತ್ತಿರುವುದಿಲ್ಲ, ಕಲಿಯುವುದು ದೂರದ ಮಾತು. ವೇರ್ ಆಫ್‌ಸೆಟ್ ಆಪರೇಟರ್ ಹಾಕಬಹುದಾ, ಅಥವಾ ಸೆಟ್ಟರ್ ಮಾತ್ರವಾ? ಆಪರೇಟರ್‌ಗೆ ಬಿಡುವ ಶಾಪ್ ಸಂಬಳ ಸ್ವಲ್ಪ ಕಡಿಮೆ ಕೊಟ್ಟರೂ ಮೊದಲ ವರ್ಷಕ್ಕೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಕಂಪನಿ ರೋಲ್ ಮೇಲೋ, ಕಾಂಟ್ರಾಕ್ಟರ್ ಮೇಲೋ? ಪಿಎಫ್ ಕಡಿತ ಆಗುತ್ತಿದ್ದರೆ ಯುಎಎನ್ (ಪಿಎಫ್ ಖಾತೆಯ) ನಂಬರ್ ತೆಗೆದುಕೊಂಡು ಪಾಸ್‌ಬುಕ್ ನೀವೇ ನೋಡಿ. ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ) ಮಾಮೂಲಿ ಕೂಲಿಯ ಎರಡು ಪಟ್ಟು ಕೊಡಬೇಕು ಅನ್ನುವುದು ಕಾನೂನು, 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ. ಸೆಟ್ಟಿಂಗ್ ಮಾಡಿಸಿಕೊಂಡು ಆಪರೇಟರ್ ಅಂತಲೇ ವರ್ಷಗಟ್ಟಲೆ ಇಡುವ ಕಡೆಯೂ ಉಂಟು, ಆದ್ದರಿಂದ ಸ್ವತಂತ್ರವಾಗಿ ಸೆಟ್ ಮಾಡೋಕೆ ಶುರುವಾದ ಮೇಲೆ ಲೆಟರ್‌ನಲ್ಲಿ ಹುದ್ದೆ ಬದಲಿಸಿ ಅಂತ ಕೇಳಿ. ಮುಂದಿನ ಶಾಪಿನವರು ನೋಡುವುದು ಆ ಲೆಟರನ್ನೇ.

ಸೆಟ್ಟರ್ ಟ್ರಯಲ್‌ಗೆ ಕರೆದಾಗ ಕೈಗೆ ಒಂದು ಡ್ರಾಯಿಂಗ್, ಒಂದು ರೌಂಡ್ ಬಾರ್ ಕೊಡುತ್ತಾರೆ. ಕೂಡಲೇ ಮಷೀನ್ ಹತ್ತಿರ ಓಡಬೇಡಿ. ಅತಿ ಬಿಗಿ ಟಾಲರೆನ್ಸ್ (ಸೈಜಿನಲ್ಲಿ ಬಿಡುವ ಹೆಚ್ಚುಕಮ್ಮಿ) ಯಾವ ಸೈಜಿಗಿದೆ, ಅದಕ್ಕೆ ಹೊಂದಿಕೊಂಡು ಕನ್ಸೆಂಟ್ರಿಸಿಟಿ (ಎರಡು ಡಯಾಮೀಟರ್‌ಗೂ ಒಂದೇ ನಡು ಇರುವುದು) ಕೇಳಿದ್ದಾರಾ, ಕೇಳಿದ್ದರೆ ಎರಡನ್ನೂ ಒಂದೇ ಹಿಡಿತದಲ್ಲಿ ಮುಗಿಸೋಕೆ ಆಗುತ್ತದಾ ಅಂತ ನೋಡಿ. ಸಾಫ್ಟ್ ಜಾ (ಜಾಬಿನ ಸೈಜಿಗೆ ಕಡಿದುಕೊಳ್ಳುವ ಚಕ್ ಹಿಡಿತ) ಬೇಕಾದರೆ ಬೋರ್ ಮಾಡೋಕೆ ಸಮಯ ಕೇಳಿ. ಮೊದಲ ಪೀಸಿಗೆ ವೇರ್‌ನಲ್ಲಿ 0.2 ಪ್ಲಸ್ ಇಟ್ಟುಕೊಂಡು ಓಡಿಸಿ, ಅಳೆದು, ಆಮೇಲೆ ಸೈಜಿಗೆ ತನ್ನಿ. ಬೋರಿಂಗ್ ಟೂಲಿಗಾದರೆ ಅದು ಮೈನಸ್.