ಕಡಿಮೆ ಉಪ್ಪಿನ ಅಡುಗೆ ಸಪ್ಪೆಯಾಗದಿರಲು: ಸಂತೆಯಿಂದ ತಾಟಿನವರೆಗೆ

ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದಾಗ ವಿಜಯಪುರ, ಬಾಗಲಕೋಟೆ ಕಡೆಯ ಬಹಳಷ್ಟು ಮನೆಗಳಲ್ಲಿ ನಡೆಯುವುದು ಒಂದೇ: ಅವರ ಪಾಲಿನ ಪಲ್ಯವನ್ನು ಬೇರೆ ಪಾತ್ರೆಗೆ ತೆಗೆದು ಉಪ್ಪು ಹಾಕದೆ ಬಡಿಸುವುದು. ಅದನ್ನು ಹೇಗೋ ಎರಡು ದಿನ ಉಂಡ ಹಿರಿಯರು ಮೂರನೆಯ ದಿನ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ, ಪಲ್ಯದಲ್ಲಿ ಉಳಿಸಿದ್ದೆಲ್ಲ ಅಲ್ಲಿ ಖರ್ಚಾಗುತ್ತದೆ. ನಮ್ಮ ಊಟದ ಮುಖ್ಯ ಪದಾರ್ಥವಾದ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪನ್ನೇ ಹಾಕುವುದಿಲ್ಲವಾದ್ದರಿಂದ, ಬ್ರೆಡ್ಡು, ಪಾವ್ ತಿನ್ನುವವರಿಗಿಂತ ನಮಗೆ ಈ ಪಥ್ಯ ಸುಲಭವಾಗಬೇಕು. ಉಪ್ಪು ಇರುವುದು ರೊಟ್ಟಿಯ ಸುತ್ತ ಕೂಡುವ ಹಿಂಡಿ (ಚಟ್ನಿಪುಡಿ), ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಹಪ್ಪಳ, ಉಪ್ಪಿನಕಾಯಿ, ಮಸಾಲೆ ಖಾರಗಳಲ್ಲಿ. ಕೈ ಹಿಡಿಯಬೇಕಾದದ್ದೂ ಅಲ್ಲಿಯೇ.

ಮೊದಲು ಅಳತೆ

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಲೆ ಸವರಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು ಎಂದು ಇದನ್ನು ನೆನಪಿಟ್ಟುಕೊಳ್ಳಬಹುದು. ವೈದ್ಯರು ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಆ ಮಿತಿಯೇ ಅಂತಿಮ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ ಒಂದು ತಿಂಗಳಿಗೆ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 8 ಗ್ರಾಂ ಆಗುತ್ತದೆ. ಅಂಗಡಿಯಿಂದ ತಂದು ತಿಂದ ಚೂಡಾ, ಖಾರಿ, ಬಿಸ್ಕತ್ತುಗಳ ಉಪ್ಪು ಈ ಲೆಕ್ಕದಲ್ಲಿ ಇಲ್ಲ.

ಆದ್ದರಿಂದ ಮೊದಲ ಕೆಲಸವೆಂದರೆ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು. ಎರಡನೆಯದಾಗಿ, ಪ್ರತಿದಿನ ಬೆಳಿಗ್ಗೆ ಆ ದಿನದ ಉಪ್ಪನ್ನು ತೂಗಿ ಒಂದು ಸಣ್ಣ ಡಬ್ಬಿಗೆ ಹಾಕಿ, ಇಡೀ ದಿನದ ಅಡುಗೆಯನ್ನು ಅದರಿಂದಲೇ ಮುಗಿಸಬೇಕು. ನಾಲ್ವರಿಗೆ 15 ಗ್ರಾಂ ತೆಗೆದಿಟ್ಟರೆ ತಲೆಗೆ ನಾಲ್ಕು ಗ್ರಾಂ ಸಹ ಆಗುವುದಿಲ್ಲ, ಹೊರಗಿನ ತಿನಿಸಿನ ಉಪ್ಪಿಗೂ ಜಾಗ ಉಳಿಯುತ್ತದೆ. ಹರಳುಪ್ಪು ಬಳಸುವವರು ಚಮಚದ ಲೆಕ್ಕ ನಂಬದೆ ತೂಕವನ್ನೇ ನೋಡುವುದು ಒಳ್ಳೆಯದು. ಸೈಂಧವ ಲವಣದಲ್ಲಿ ಸೋಡಿಯಂ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಜೊತೆಗೆ ಅಯೋಡಿನ್ ಸೇರಿಸದ ಪೊಟ್ಟಣಗಳೂ ಮಾರಾಟವಾಗುತ್ತವೆ.

ಅಂಗಡಿಯಲ್ಲಿ

ಪೊಟ್ಟಣದ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಎಂದು ನಮೂದಿಸಿರುತ್ತಾರೆ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ 100 ಗ್ರಾಂ ಘನ ಆಹಾರದಲ್ಲಿ 120 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಅದನ್ನು ಕಡಿಮೆ ಸೋಡಿಯಂ ಆಹಾರವೆಂದು ಕರೆಯಬಹುದು. ಪಥ್ಯದವರಿಗಾಗಿ ಕೊಳ್ಳುವಾಗ 600 ದಾಟಿದ ಪೊಟ್ಟಣವನ್ನು ಯೋಚಿಸದೆ ವಾಪಸ್ ಇಡುವ ಅಭ್ಯಾಸ ನನಗೆ ಸರಿ ಎನಿಸುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಉಪ್ಪಿನ ಹೆಸರಿಲ್ಲದಿದ್ದರೂ 500 (ಅಡುಗೆ ಸೋಡಾ), 621 (ಅಜಿನೊಮೊಟೊ), 211 (ಸೋಡಿಯಂ ಬೆಂಜೋಯೇಟ್) ಎಂಬ ಸಂಖ್ಯೆಗಳು ಕಂಡರೆ ಅಲ್ಲಿಯೂ ಸೋಡಿಯಂ ಇದೆ ಎಂದೇ ಅರ್ಥ.

ನಾಲಿಗೆಗೆ ಉಪ್ಪೆನಿಸದ ಪದಾರ್ಥಗಳೇ ಹೆಚ್ಚು ಮೋಸ ಮಾಡುತ್ತವೆ. ಚುರುಮುರಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪುನೀರು ಕೂಡಿಸುವುದು ಸಾಮಾನ್ಯ, ಹೀಗಾಗಿ ಸುಸಲಾ (ತೋಯಿಸಿದ ಚುರುಮುರಿಯ ಒಗ್ಗರಣೆ) ಮಾಡುವಾಗ ಒಗ್ಗರಣೆಗೆ ಮತ್ತೆ ಉಪ್ಪು ಹಾಕಬಾರದು; ಚುರುಮುರಿಯನ್ನು ಧಾರಾಳ ನೀರಿನಲ್ಲಿ ತೋಯಿಸಿ ಹಿಂಡಿದರೆ ಒಂದಿಷ್ಟು ಉಪ್ಪು ನೀರಿನೊಂದಿಗೆ ಹೋಗುತ್ತದೆ. ಅದಕ್ಕಿಂತ ಉಪ್ಪಿಲ್ಲದ ಗಟ್ಟಿ ಅವಲಕ್ಕಿ ತರುವುದು ಲೇಸು. ಸುಸಲಾದ ಜೊತೆಗಾರನಾದ ಮಿರ್ಚಿ ಭಜಿಯ ಹಿಟ್ಟಿಗೆ ಉಪ್ಪಿನ ಮೇಲೆ ಸೋಡಾವೂ ಬೀಳುತ್ತದೆ, ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿದ್ಧ ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೂ ಉಪ್ಪು ಹಾಕಿರುತ್ತಾರೆ. ಪೊಟ್ಟಣದ ಬೆಣ್ಣೆ ಕೊಳ್ಳುವಾಗ ಉಪ್ಪಿಲ್ಲದ್ದೇ ಎಂದು ಓದಿ ನೋಡಬೇಕು, ಇಲ್ಲವೇ ಸಂತೆಯಲ್ಲಿ ಸಿಗುವ ಬಿಳಿ ಬೆಣ್ಣೆ ತರಬೇಕು.

ಉಳಿಸಿದ ಹಣವನ್ನು ತರಕಾರಿ ಸಾಲಿನಲ್ಲಿ ಖರ್ಚು ಮಾಡಬಹುದು. ಹಕ್ಕರಕಿ, ಮೂಲಂಗಿ, ಮೆಂತ್ಯದ ಎಳೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು ಇವೆಲ್ಲ ಹಸಿಯಾಗಿಯೇ ರೊಟ್ಟಿಯೊಂದಿಗೆ ತಿನ್ನುವಂಥವು, ಅವುಗಳ ಕಟು ರುಚಿಗೆ ಉಪ್ಪಿನ ಹಂಗಿಲ್ಲ. ಹುಳಿಗೆ ಪುಂಡಿಪಲ್ಯ, ಹುಣಸೆ, ಮಾವಿನಕಾಯಿ, ಮತ್ತು ನಿಂಬೆ ಇವೆ. ನಿಂಬೆಯ ವಿಷಯದಲ್ಲಂತೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಂಡಿ ನಿಂಬೆಯ ತೋಟಗಳು ವಿಜಯಪುರ ಜಿಲ್ಲೆಯಲ್ಲಿಯೇ ಇರುವಾಗ ನಾವು ಬಡವರಲ್ಲ. ಒಣ ಮೆಣಸಿನಕಾಯಿಯಲ್ಲಿ ಬ್ಯಾಡಗಿಯನ್ನು ಆರಿಸಿದರೆ ಖಾರ ಮಿತವಾಗಿದ್ದು ಬಣ್ಣ, ಘಮ ಎರಡೂ ಹೆಚ್ಚು ಬರುತ್ತವೆ.

ಮಸಾಲೆ ಮತ್ತು ಹಿಂಡಿ

ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಸುವಾಗ ಕೆಡದಿರಲೆಂದು ಹಲವು ಮನೆಗಳಲ್ಲಿ ಉಪ್ಪನ್ನೂ ಸೇರಿಸುತ್ತಾರೆ. ಹಾಗೆ ಮಾಡಿದ ಖಾರವನ್ನು ಎರಡು ಚಮಚ ಹಾಕಿ, ಮೇಲೆ ಅಂದಾಜಿನ ಮೇಲೆ ಉಪ್ಪು ಉದುರಿಸಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಪಥ್ಯದ ಮನೆಯಲ್ಲಿ ಕಾಲು ಕಿಲೋದಷ್ಟು ಖಾರವನ್ನು ಉಪ್ಪಿಲ್ಲದೆ ಬೇರೆಯಾಗಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಇಡಬೇಕು.

ಶೇಂಗಾ ಹಿಂಡಿಯನ್ನು ಉಪ್ಪಿಲ್ಲದೆ ಮಾಡಬಹುದೇ ಎಂದು ಕೇಳುವವರು ಹೀಗೊಮ್ಮೆ ಮಾಡಿ ನೋಡಲಿ. ಒಂದು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಸಿಡಿಯುವವರೆಗೆ ಹುರಿದು, ಆರಿದ ಮೇಲೆ ಅರ್ಧದಷ್ಟು ಸಿಪ್ಪೆಯನ್ನು ಮಾತ್ರ ಊದಿ ತೆಗೆಯಬೇಕು. ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಗರಿಗರಿಯಾಗಿ ಹುರಿದ ಕರಿಬೇವು, ಎರಡು ಚಮಚ ಬ್ಯಾಡಗಿ ಖಾರದ ಪುಡಿ, ಒಣಗಿದ ಹುಣಸೆ ಚೂರು ಮತ್ತು ಗೋಲಿಯಷ್ಟು ಬೆಲ್ಲವನ್ನು ಕೂಡಿಸಿ ಒರಳಿನಲ್ಲಿ ಕುಟ್ಟಬೇಕು. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುವಬೇಕು. ಶೇಂಗಾದ ಎಣ್ಣೆ ಬಿಟ್ಟು ಪುಡಿ ಬೆರಳಿಗೆ ಅಂಟಲು ಶುರುವಾದಾಗ ನಿಲ್ಲಿಸಿದರೆ ಸಾಕು. ಕಾಲು ಟೀ ಚಮಚ ಉಪ್ಪನ್ನು ಕೊನೆಗೆ ಕಲಸಿದರೂ ಇಡೀ ಡಬ್ಬಿಗೆ ಅದು ಅಲ್ಪವೇ. ಗುರೆಳ್ಳು (ಹುಚ್ಚೆಳ್ಳು) ಮತ್ತು ಅಗಸಿ ಹಿಂಡಿಗೂ ಇದೇ ಕ್ರಮ, ಗುರೆಳ್ಳಿಗೆ ಸಹಜವಾದ ಒಗರು ಇರುವುದರಿಂದ ಅಲ್ಲಿ ಉಪ್ಪಿನ ಕೊರತೆ ಇನ್ನೂ ಕಡಿಮೆ ಕಾಣುತ್ತದೆ.

ರಂಜಕ ಮತ್ತು ಉಪ್ಪಿನಕಾಯಿಯ ಮಾತು ಬೇರೆ. ಅವುಗಳನ್ನು ಕೆಡದಂತೆ ಕಾಯುವುದೇ ಉಪ್ಪು, ಆದ್ದರಿಂದ ಉಪ್ಪು ಇಳಿಸಿ ಭರಣಿ ತುಂಬುವುದು ಅಪಾಯಕಾರಿ. ಅದರ ಬದಲು ಮಾವಿನಕಾಯಿ ಹೋಳುಗಳಿಗೆ ಖಾರದ ಪುಡಿ, ಮೆಂತ್ಯದ ಪುಡಿ ಹಚ್ಚಿ ಇಂಗಿನ ಒಗ್ಗರಣೆ ಕೊಟ್ಟು, ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು.

ಒಲೆಯ ಮುಂದೆ

ಉಪ್ಪು ಹಾಕುವ ಹೊತ್ತು ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ಹಸಿ ಸೊಪ್ಪಿನ ರಾಶಿ ನೋಡಿ ಉಪ್ಪು ಹಾಕಿದರೆ, ಅದು ಬಾಡಿ ಹಿಡಿಯಷ್ಟಾದಾಗ ಉಪ್ಪು ಮಾತ್ರ ಅಷ್ಟೇ ಉಳಿದಿರುತ್ತದೆ. ಬಾಡಿದ ಮೇಲೆಯೇ ಹಾಕಬೇಕು. ಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ, ಇಳಿಸುವ ಮುನ್ನ ಹಾಕಿದರೆ ಕಡಿಮೆ ಉಪ್ಪೂ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಬಳಿಕವೇ ಹಿಂಡಬೇಕು, ಕುದಿಸಿದರೆ ಅದರ ಘಮ ಹಾರಿಹೋಗುತ್ತದೆ.

ಇವೆಲ್ಲವೂ ಒಟ್ಟಿಗೆ ಕೆಲಸ ಮಾಡುವುದು ಎಣ್ಣೆಗಾಯಿಯಲ್ಲಿ. ನಾಲ್ವರಿಗೆ ಎಂಟು ಎಳೆ ಬದನೆಕಾಯಿ ಬೇಕು. ಒಂದು ದೊಡ್ಡ ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ನೇರ ಉರಿಯ ಮೇಲೆ ಹೊರಮೈ ಕಪ್ಪಾಗುವವರೆಗೆ ಸುಟ್ಟು ಸುಲಿಯಬೇಕು. ಈ ಸುಟ್ಟ ವಾಸನೆಯೇ ಅರ್ಧ ಉಪ್ಪಿನ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅರ್ಧ ಬಟ್ಟಲು ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಎರಡು ಚಮಚ ಒಣಕೊಬ್ಬರಿಯನ್ನು ಬೇರೆ ಬೇರೆಯಾಗಿ ಹುರಿದು, ಸುಟ್ಟ ಉಳ್ಳಾಗಡ್ಡಿ, ಎಂಟು ಎಸಳು ಬೆಳ್ಳುಳ್ಳಿ, ಉಪ್ಪಿಲ್ಲದ ಮಸಾಲೆ ಖಾರ, ಗಟ್ಟಿ ಹುಣಸೆ ರಸ ಮತ್ತು ಚೂರು ಬೆಲ್ಲದೊಂದಿಗೆ ತರಿತರಿಯಾಗಿ ರುಬ್ಬಿ, ಅರ್ಧ ಟೀ ಚಮಚ ಉಪ್ಪನ್ನು ಈ ಹೂರಣಕ್ಕೆ ಮಾತ್ರ ಕಲಸಿ, ಸೀಳಿದ ಬದನೆಕಾಯಿಗಳಿಗೆ ತುಂಬಬೇಕು. ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ಕಾಯಿಗಳನ್ನು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಉಳಿದ ಮಸಾಲೆಗೆ ಸ್ವಲ್ಪವೇ ನೀರು ಬೆರೆಸಿ ಮೇಲೆ ಸುರಿದು, ಎಣ್ಣೆ ಬದಿಗೆ ಬರುವವರೆಗೆ ಕಾಯಬೇಕು. ರಸ ತೆಳುವಾದಷ್ಟೂ ಉಪ್ಪು ಬೇಡುತ್ತದೆ, ಹೀಗಾಗಿ ಗಟ್ಟಿಯಾಗಿಯೇ ಇಳಿಸಬೇಕು. ಇಷ್ಟರಿಂದ ಒಬ್ಬರ ಪಾಲಿಗೆ ಬರುವ ಉಪ್ಪಿನ ಸೋಡಿಯಂ 300 ಮಿಲಿಗ್ರಾಂ ಮೀರುವುದಿಲ್ಲ.

“ಅವ್ವಾ, ಪಲ್ಲೆ ಸಪ್ಪಗ ಆಗೇತಿ” ಎಂಬ ಮಾತು ಮೊದಲ ಕೆಲವು ವಾರ ಬಂದೇ ಬರುತ್ತದೆ. ಒಮ್ಮೆಲೇ ಇಳಿಸದೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಇಡೀ ಮನೆಗೆ ಒಂದೇ ಅಡುಗೆ ಮಾಡಿ, ಉಪ್ಪಿನ ಬಟ್ಟಲನ್ನು ಊಟದ ಜಾಗದಿಂದ ಎತ್ತಿಟ್ಟು, ಮಜ್ಜಿಗೆಗೆ ಉಪ್ಪಿನ ಬದಲು ಹುರಿದ ಜೀರಿಗೆ ಪುಡಿ, ಶುಂಠಿ, ಕೊತ್ತಂಬರಿ ಹಾಕುವುದು ಸರಿಯಾದ ದಾರಿ.

ವೈದ್ಯರನ್ನು ಕೇಳಲೇಬೇಕಾದ ವಿಷಯಗಳು

ಅಂಗಡಿಗಳಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಯಸ್ಕರು ಸಾಮಾನ್ಯ ಉಪ್ಪಿನ ಬದಲು ಇಂಥದ್ದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸೂಚಿಸಿದೆಯಾದರೂ, ಗರ್ಭಿಣಿಯರು, ಮಕ್ಕಳು ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಆದ್ದರಿಂದ ಮಾತ್ರೆ ನುಂಗುವವರು ಕೇಳದೆ ಈ ಉಪ್ಪಿಗೆ ಬದಲಾಗಬಾರದು. ನೀರಿನಲ್ಲಿ ಕರಗಿಸಿ ಕುಡಿಯುವ, ನೊರೆ ಬರುವ ಮಾತ್ರೆ ಮತ್ತು ಆಮ್ಲಪಿತ್ತದ ಪುಡಿಗಳಲ್ಲೂ ಬಹಳಷ್ಟು ಸೋಡಿಯಂ ಇರಬಹುದು.

ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹೊಲದಲ್ಲಿ ಬೆವರು ಸುರಿಸಿ ದುಡಿಯುವವರು, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಉಪ್ಪನ್ನು ಪೂರ್ತಿ ಬಿಡುವುದು ಅಪಾಯ. ಆ ತಿಂಗಳುಗಳ ಮಿತಿಯನ್ನು ವೈದ್ಯರಿಂದ ಬೇರೆಯಾಗಿ ಕೇಳಿಕೊಳ್ಳಬೇಕು. ಕೊಳವೆಬಾವಿಯ ಸವಳು ನೀರು ಬಾಯಿಗೆ ಉಪ್ಪುಪ್ಪಾಗಿ ಹತ್ತುತ್ತಿದ್ದರೆ ಕುಡಿಯಲು ಮತ್ತು ಬೇಳೆ ಬೇಯಿಸಲು ಬೇರೆ ನೀರು ಬಳಸಬೇಕು.

ಮದುವೆ, ಜಾತ್ರೆಯ ಊಟಗಳಲ್ಲಿ ಆಯ್ಕೆ ಕಡಿಮೆ. ರೊಟ್ಟಿ, ಮೊಸರು, ಹಸಿ ತರಕಾರಿ, ಹೋಳಿಗೆಗಳನ್ನು ಹಾಕಿಸಿಕೊಂಡು ಸಾರು, ಹಪ್ಪಳ, ಉಪ್ಪಿನಕಾಯಿ ಬಿಟ್ಟರೆ ಬಹುಪಾಲು ಕೆಲಸ ಆಗುತ್ತದೆ. ಸಕ್ಕರೆ ಕಾಯಿಲೆಯೂ ಇದ್ದವರಿಗೆ ಹೋಳಿಗೆ ಬೇಡ. ಬೆಳಗಾವಿಯ ಹೋಟೆಲಿನಲ್ಲಿ ಮಿಸಳ್ ಬಿಡಲಾಗದವರು ಅದರ ಮೇಲೆ ಹಾಕುವ ಫರಸಾಣವನ್ನು (ಸೇವಿನಂಥ ಕರಿದ ಖಾರದ ತಿನಿಸು) ಬೇರೆ ಬಟ್ಟಲಲ್ಲಿ ಕೇಳಿ ಒಂದು ಚಿಟಿಕೆ ಉದುರಿಸಿಕೊಂಡು, ಎರಡನೆಯ ಪಾವ್ ಬೇಡವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.