ಗಂಡಸರ ಕಾಲಿಗೆ ಹೈ ಹೀಲ್ಸ್: ಅಳತೆಯಿಂದ ಅಲಮಾರಿವರೆಗೆ

ನನ್ನ ಹತ್ತಿರ 31 ಜೋಡಿ ಹೀಲ್ಸ್ ಇವೆ. ನಾನು ಗಂಡಸು, ವಯಸ್ಸು 44, ಕಾಲಿನ ಸೈಜ್ 43. ಹದಿನೈದು ವರ್ಷದ ಹಿಂದೆ ಮೊದಲ ಜೋಡಿ ತಂದಾಗ ಏನನ್ನಾದರೂ ಕೇಳೋಣ ಅಂದರೆ ಯಾರೂ ಇರಲಿಲ್ಲ. ಹುಡುಗಿಯರಿಗೆ ಅಕ್ಕನೋ ಗೆಳತಿಯೋ ಕೈ ಹಿಡಿದು ನಡೆಸುತ್ತಾರೆ, ಯಾವ ಅಂಗಡಿ, ಎಷ್ಟು ಎತ್ತರ, ಎಲ್ಲಿ ಕಚ್ಚುತ್ತದೆ ಎಂದು ಹೇಳುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಕದ್ದುಮುಚ್ಚಿ ತರುತ್ತೇವೆ, ತಪ್ಪು ಸೈಜ್ ತರುತ್ತೇವೆ, ಕಾಲು ಹಾಳು ಮಾಡಿಕೊಳ್ಳುತ್ತೇವೆ. ಅದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಹೆಂಗಸರ ವಸ್ತು ಅಲ್ವಾ ಎಂಬ ಅಳುಕು ಒಳಗೆ ಇದ್ದರೆ ಮೊದಲು ಅದನ್ನು ಬಿಡಿ. ಹೀಲ್ ಹಾಕಿದವರು ಮೊದಲು ಪರ್ಷಿಯಾದ ಕುದುರೆ ಸವಾರರು. ರಿಕಾಪಿನಲ್ಲಿ, ಅಂದರೆ ಸವಾರ ಕಾಲಿಡುವ ಬಳೆಯಲ್ಲಿ, ಎದ್ದು ನಿಂತು ಬಾಣ ಬಿಡುವಾಗ ಕಾಲು ಜಾರದಂತೆ ಶೂನ ಹೀಲ್ ಹಿಡಿದುಕೊಳ್ಳುತ್ತಿತ್ತು, ಅಷ್ಟೇ ಅದರ ಕೆಲಸ. ಪರ್ಷಿಯಾದ ದೊರೆ ಶಾ ಅಬ್ಬಾಸ್ 1599ರಲ್ಲಿ ಯುರೋಪಿಗೆ ರಾಯಭಾರಿಗಳನ್ನು ಕಳಿಸಿದ ಮೇಲೆ ಅಲ್ಲಿನ ಶ್ರೀಮಂತ ಗಂಡಸರಿಗೂ ಈ ಹುಚ್ಚು ಹತ್ತಿತು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ 1701ರ ಚಿತ್ರ ನೋಡಿ, ಬಿಳಿ ಶೂ, ಕೆಂಪು ಹೀಲ್, ಕಾಲು ಮುಂದಿಟ್ಟು ನಿಂತಿದ್ದಾನೆ. 1740ರ ಸುಮಾರಿಗೆ ಅಲ್ಲಿನ ಗಂಡಸರು ಇದನ್ನು ಬಿಟ್ಟರು. ಟೊರಾಂಟೊದ ಬಾಟಾ ಶೂ ಮ್ಯೂಸಿಯಂ 2015ರಲ್ಲಿ ಗಂಡಸರ ಹೀಲ್ಸ್ ಬಗ್ಗೆಯೇ ಒಂದು ಪ್ರದರ್ಶನ ಇಟ್ಟಿತ್ತು. ಹಾಗಾಗಿ ನಾವು ಹೊಸದೇನೂ ಮಾಡುತ್ತಿಲ್ಲ. ಇನ್ನು, ಹೀಲ್ಸ್ ಹಾಕಿದ ಮಾತ್ರಕ್ಕೆ ನೀವು ಇಂಥವರು ಅಂತ ಯಾರೂ ತೀರ್ಮಾನ ಮಾಡುವ ಹಾಗಿಲ್ಲ. ನನಗೆ ಗೊತ್ತಿರುವವರಲ್ಲಿ ಮದುವೆಯಾಗಿ ಮಕ್ಕಳಿರುವವರಿದ್ದಾರೆ, ಗೇ ಇದ್ದಾರೆ, ಡ್ಯಾನ್ಸ್ ಮಾಡುವವರಿದ್ದಾರೆ, ಸುಮ್ನೆ ಶೂ ಕಂಡರೆ ಪ್ರೀತಿ ಅನ್ನುವವರೂ ಇದ್ದಾರೆ. ನಾನು ಕೊನೆಯ ಗುಂಪಿನವನು.

ಮೊದಲು ಪಾದ ಅಳೆಯಿರಿ

ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಸಂಜೆ ಹೊತ್ತು ಅಳೆಯಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ ಬಿಳಿ ಹಾಳೆ ಮೇಲೆ ನಿಂತುಕೊಳ್ಳಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಎರಡೂ ಕಾಲು ಅಳೆಯಬೇಕು, ಸಾಮಾನ್ಯವಾಗಿ ಒಂದು ದೊಡ್ಡದಿರುತ್ತದೆ, ದೊಡ್ಡದನ್ನೇ ಲೆಕ್ಕಕ್ಕೆ ತಗೊಳ್ಳಿ. ಉದ್ದಕ್ಕೆ ಒಂದೂವರೆ ಸೆಂಟಿಮೀಟರ್ ಸೇರಿಸಿ, ಬಂದದ್ದನ್ನು 1.5ರಿಂದ ಗುಣಿಸಿ. ನನ್ನ ಪಾದ 27 ಸೆಂ.ಮೀ., ಹಾಗಾಗಿ 28.5ನ್ನು 1.5ರಿಂದ ಗುಣಿಸಿದರೆ 42.75, ಅಂದರೆ 43. ಇದು ಯುರೋಪಿನ ಸೈಜ್. ಈ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಅಂಕಿ, ಅದಕ್ಕೇ ಇದನ್ನು ನಂಬಿ. ಅಮೆರಿಕದ ಸೈಜ್ ಆದರೆ ಹೆಂಗಸರದ್ದು ಒಂದೂವರೆಯಿಂದ ಎರಡು ಜಾಸ್ತಿ. ಗಂಡಸರ 10 ಅಂದರೆ ಹೆಂಗಸರ ಹನ್ನೊಂದೂವರೆ ಅಥವಾ 12.

ಆದರೆ ನಮಗೆ ನಿಜವಾದ ತೊಂದರೆ ಕೊಡುವುದು ಅಗಲ. ಅಮೆರಿಕದ ಲೆಕ್ಕದಲ್ಲಿ ಹೆಂಗಸರ ಮಾಮೂಲಿ ಅಗಲ ಬಿ, ಗಂಡಸರದ್ದು ಡಿ. ಅಂದರೆ ನಮಗೆ ಮಾಮೂಲಿ ಅನ್ನಿಸುವ ಅಗಲ ಹೆಂಗಸರ ಶೂನಲ್ಲಿ ಅಗಲದ ಸೈಜ್. ನನ್ನ ಮೊದಲ ಜೋಡಿಯಲ್ಲಿ ಉದ್ದ ಸರಿಯಾಗಿತ್ತು, ಅಗಲ ನೋಡಿರಲಿಲ್ಲ. ಮಾರಿದವರು ಹಾಕಿ ಹಾಕಿ ಸಡಿಲ ಆಗುತ್ತೆ ಅಂದರು, ನಾನು ನಂಬಿದೆ. ಎರಡು ವಾರದಲ್ಲಿ ಎರಡೂ ಕಿರುಬೆರಳಿನ ಉಗುರು ಕಪ್ಪಾಗಿ ಬಿದ್ದವು. ಚರ್ಮವಾದರೆ ಸ್ವಲ್ಪ ಹಿಗ್ಗುತ್ತದೆ, ರೆಕ್ಸಿನ್ ಹಿಗ್ಗುವುದೇ ಇಲ್ಲ. ಶೂವನ್ನು ನಿಮ್ಮ ಪಾದದ ಚಿತ್ರದ ಮೇಲೆ ಇಟ್ಟು ನೋಡಿ. ಬೆರಳಿನ ಬುಡದ ಹತ್ತಿರ ಎರಡೂ ಕಡೆ ಗೆರೆ ಹೊರಗೆ ಕಂಡರೆ, ಎಷ್ಟೇ ಚೆನ್ನಾಗಿದ್ದರೂ ಬೇಡ.

ಎತ್ತರಕ್ಕಿಂತ ಇಳಿಜಾರು ನೋಡಿ

ಹೊಸಬರು ಎಲ್ಲರೂ ಕೇಳುವುದು ಎಷ್ಟು ಇಂಚು ಅಂತ. ಅಂಗಡಿಯಲ್ಲಿ ಹೇಳುವ ಇಂಚು ನಿಮ್ಮ ಕಾಲಿಗೆ ಏನಾಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಹಿಂದೆ 12 ಸೆಂ.ಮೀ. ಹೀಲ್ ಇದ್ದು ಮುಂದೆ 3 ಸೆಂ.ಮೀ. ಪ್ಲಾಟ್‌ಫಾರ್ಮ್, ಅಂದರೆ ಮುಂಗಾಲಿನ ಕೆಳಗೆ ದಪ್ಪ ಅಟ್ಟೆ, ಇದ್ದರೆ ನಿಮ್ಮ ಪಾದ ಬಗ್ಗುವುದು 9 ಸೆಂ.ಮೀ. ಮಾತ್ರ. ಇನ್ನೊಂದು ಸಂತೋಷದ ವಿಷಯ ಇದೆ. ಲಾರಿಗೆ ಮೂಟೆ ಏರಿಸಲು ಹಲಗೆ ಒರಗಿಸುತ್ತಾರಲ್ಲ, ಹಲಗೆ ಉದ್ದ ಆದಷ್ಟೂ ಏರು ಸಲೀಸು. ಪಾದವೂ ಹಾಗೇ. 37 ಸೈಜಿನ ಕಾಲಿಗೆ ಕಡಿದಾಗಿರುವ 10 ಸೆಂ.ಮೀ. ಹೀಲ್ 43ರ ಕಾಲಿಗೆ ಅಷ್ಟು ಕಡಿದಲ್ಲ, ಯಾಕಂದರೆ ಹಿಮ್ಮಡಿಯಿಂದ ಬೆರಳಿನ ಬುಡದವರೆಗಿನ ದೂರ ನಮ್ಮಲ್ಲಿ ಜಾಸ್ತಿ. ದೊಡ್ಡ ಕಾಲಿನವರಿಗೆ ಇದು ವರ.

ತೂಕ ಮಾತ್ರ ನಮಗೆ ವಿರುದ್ಧ. ತೆಳ್ಳನೆಯ ಸ್ಟಿಲೆಟೊ 1950ರ ದಶಕದಲ್ಲಿ ಬಂದದ್ದೇ ಹೀಲ್ ಒಳಗೆ ಉಕ್ಕಿನ ಕಡ್ಡಿ ಇಡುವುದು ಸಾಧ್ಯವಾದ ಮೇಲೆ. ಅಗ್ಗದ ಶೂಗಳಲ್ಲಿ ಬರೀ ಪ್ಲಾಸ್ಟಿಕ್ ಇರುತ್ತದೆ, 75–80 ಕೆ.ಜಿ. ಗಂಡಸು ಮೆಟ್ಟಿಲು ಇಳಿಯುವಾಗ ಅದು ಮುರಿದರೆ ಕಾಲೂ ಮುರಿಯುತ್ತದೆ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ ಡಬ್ಲ್ಯು. ಜೆ. ಬ್ರೂಕ್ಸ್ ಎಂಬ ಹಳೇ ಶೂ ಕಾರ್ಖಾನೆ ಇತ್ತು. 1990ರ ದಶಕದ ಕೊನೆಯಲ್ಲಿ ವ್ಯಾಪಾರ ಕುಸಿದಾಗ ಅವರು ಗಂಡಸರ ಅಳತೆಯ ಹೀಲ್ಸ್ ಮಾಡಲು ಶುರು ಮಾಡಿದರು, ಗಂಡಸಿನ ಭಾರ ತಡೆಯುವ ಹಾಗೆ. ಅಂಥ ಶೂ ನಮ್ಮ ಊರಿನಲ್ಲಿ ಹುಡುಕುವುದು ಕಷ್ಟ, ಹೆಂಗಸರ ವಿಭಾಗದಲ್ಲಿ ಸಾಮಾನ್ಯವಾಗಿ 41ಕ್ಕೇ ನಿಲ್ಲುತ್ತದೆ. ಪ್ಲೀಸರ್‌ನಂಥ ಅಮೆರಿಕದ ಬ್ರ್ಯಾಂಡ್‌ಗಳು ದೊಡ್ಡ ಸೈಜ್ ಮಾಡುತ್ತವೆ, ತರಿಸಿದರೆ ಸುಂಕ ಸೇರಿ ದುಬಾರಿ. ಅಳತೆಗೆ ಶೂ ಹೊಲಿಯುವ ಕುಶಲಿಗರು ಸಿಕ್ಕರೆ ಬಿಡಬೇಡಿ. ನನ್ನ ಒಂಬತ್ತು ಜೋಡಿ ಹಾಗೆ ಮಾಡಿಸಿದ್ದು, ಕಾಲಿಗೆ ಹಿತವಾಗಿರುವುದೂ ಆ ಒಂಬತ್ತೇ.

ಶುರು ಮಾಡಲು ನನ್ನ ಸಲಹೆ ಒಂದೇ: 5 ಸೆಂ.ಮೀ. ಬ್ಲಾಕ್ ಹೀಲ್ (ದಪ್ಪ, ಅಗಲದ ಹೀಲ್) ಇರುವ, ಜಿಪ್ ಇರುವ ಗಿಡ್ಡ ಬೂಟ್. ಕಣಕಾಲನ್ನು ಹಿಡಿದುಕೊಳ್ಳುತ್ತದೆ, ಪ್ಯಾಂಟ್ ಕೆಳಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲ್ಸಾ ಕಲಿಯುವ ಗಂಡಸರು ಹಾಕುವ ಲ್ಯಾಟಿನ್ ಡ್ಯಾನ್ಸ್ ಶೂ ಕೂಡ ಒಳ್ಳೆಯದೇ, ಅದರ ಕ್ಯೂಬನ್ ಹೀಲ್ ಸುಮಾರು 4 ಸೆಂ.ಮೀ. ಇರುತ್ತದೆ, ಕೊಳ್ಳುವಾಗ ಯಾರೂ ಏನೂ ಕೇಳುವುದಿಲ್ಲ. ಆಮೇಲೆ 7, ಆಮೇಲೆ 9. ಹಿಂದೆ ಪಟ್ಟಿ ಇಲ್ಲದ, ಸುಮ್ನೆ ತೂರಿಸಿಕೊಳ್ಳುವ ಹೀಲ್ಸ್ ಮೊದಲ ವರ್ಷ ಮುಟ್ಟಬೇಡಿ.

ನಡೆಯುವುದನ್ನು ಕಲಿಯಿರಿ

ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು. ಕಾರ್ಪೆಟ್ ಬೇಡ, ಅದರಲ್ಲಿ ಹೀಲ್ ಹೂತು ಅಲ್ಲಾಡುತ್ತದೆ. ಒದ್ದೆ ಟೈಲ್ಸ್ ಅಂತೂ ಬೇಡವೇ ಬೇಡ. ನಾವು ಗಂಡಸರು ದಾಪುಗಾಲು ಹಾಕುವ ಅಭ್ಯಾಸದವರು, ಹೀಲ್ಸ್‌ನಲ್ಲಿ ಅದನ್ನು ಅರ್ಧಕ್ಕೆ ಇಳಿಸಬೇಕು. ಮೊದಲು ಹಿಮ್ಮಡಿ ಮೆಲ್ಲಗೆ ತಾಗಬೇಕು, ಅದರ ಹಿಂದೆಯೇ ಮುಂಗಾಲು. ಎರಡೂ ಒಟ್ಟಿಗೆ ಧಪ್ ಅಂತ ಬಿದ್ದರೆ ಕುದುರೆ ನಡೆದ ಹಾಗೆ ಕಾಣುತ್ತದೆ. ಮಂಡಿ ಬಗ್ಗಿಸಿಕೊಂಡು ನಡೆಯುವುದು ಎಲ್ಲರೂ ಮಾಡುವ ತಪ್ಪು, ಎತ್ತರಕ್ಕೆ ಹೆದರಿ ಮೈ ತಾನಾಗಿಯೇ ಕುಗ್ಗುತ್ತದೆ. ಬೆನ್ನು ನೆಟ್ಟಗೆ ಇಡಿ, ಹೊಟ್ಟೆ ಸ್ವಲ್ಪ ಬಿಗಿ ಹಿಡಿಯಿರಿ. ನೆಲ ನೋಡಬೇಡಿ, ಎದುರು ಗೋಡೆ ನೋಡಿ. ಮೆಟ್ಟಿಲು ಹತ್ತುವಾಗ ಮುಂಗಾಲು ಇಟ್ಟರೆ ಸಾಕು, ಇಳಿಯುವಾಗ ಪಾದ ಓರೆ ಮಾಡಿ ಪೂರ್ತಿ ಇಡಿ, ಕೈ ಕಂಬಿಯ ಮೇಲಿರಲಿ. ಫ್ರಾನ್ಸಿನ ಡ್ಯಾನ್ಸರ್ ಯಾನಿಸ್ ಮಾರ್ಷಲ್ ಹೀಲ್ಸ್‌ನಲ್ಲಿ ಕುಣಿಯುವ ವಿಡಿಯೊ ಸಿಕ್ಕರೆ ನಿಧಾನ ಮಾಡಿಕೊಂಡು ನೋಡಿ. ಕುಣಿತಕ್ಕೆ ಅಲ್ಲ, ಅವರ ಮಂಡಿ ಎಷ್ಟು ನೆಟ್ಟಗಿದೆ ಅಂತ ನೋಡಲು.

ಕಾಲಿನ ಆರೈಕೆ ಬಗ್ಗೆ ದಯವಿಟ್ಟು ಉದಾಸೀನ ಮಾಡಬೇಡಿ. ವರ್ಷಗಟ್ಟಲೆ ಹೀಲ್ಸ್ ಹಾಕಿದ ಹೆಂಗಸರ ಮೀನಖಂಡದ ಸ್ನಾಯುವಿನ ಎಳೆಗಳು ಸುಮಾರು ಶೇಕಡಾ 13ರಷ್ಟು ಗಿಡ್ಡವಾಗಿದ್ದವು, ಹಿಮ್ಮಡಿಯ ಸ್ನಾಯುರಜ್ಜು ದಪ್ಪವಾಗಿತ್ತು ಎಂದು 2010ರಲ್ಲಿ ಬಂದ ಅಧ್ಯಯನವೊಂದು ತೋರಿಸಿದೆ. ಅದಕ್ಕೇ ಅವರಿಗೆ ಚಪ್ಪಟೆ ಚಪ್ಪಲಿ ಹಾಕಿದರೆ ನೋವು. ಪ್ರತಿ ಸಲ ಹೀಲ್ಸ್ ಬಿಚ್ಚಿದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಕೆಳಗೆ ಬಿಟ್ಟು ಅರ್ಧ ನಿಮಿಷ ಎಳೆಯಿರಿ, ಮೂರು ಸಲ. ಸತತವಾಗಿ ಎರಡು ದಿನ ಎತ್ತರದ ಹೀಲ್ಸ್ ಬೇಡ. ಬೆರಳು ಜೋಮು ಹಿಡಿದರೆ, ಮುಂಗಾಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ ಅನ್ನಿಸಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಸಂಗ್ರಹ ಕಾಪಾಡುವುದು

ನಮ್ಮ ಕಡೆ ಶೂಗೆ ಶತ್ರು ಮಳೆಗಾಲ. ಮಲೆನಾಡು, ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಒಂದು ವಾರ ಬಿಟ್ಟರೆ ಬೂಷ್ಟು. ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಳಗೆ ಬಿಳಿ ಕಾಗದ ತುರುಕಿ, ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಮಿರಮಿರ ಹೊಳೆಯುವ ಪೇಟೆಂಟ್ ಲೆದರ್ ಜೋಡಿಯನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಬೇಸಿಗೆಯಲ್ಲಿ ಅಂಟಿಕೊಂಡು ಬಣ್ಣ ಕಿತ್ತು ಬರುತ್ತದೆ. ನನ್ನ ಕೆಂಪು ಜೋಡಿ ಹಾಗೇ ಹೋಯಿತು, ಇವತ್ತಿಗೂ ಬೇಜಾರು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಅಟ್ಟೆ, ಶೂ ಹಾಕದೇ ಇಟ್ಟರೂ ಹಾಳಾಗುತ್ತದೆ. ತೇವಕ್ಕೆ ಒಳಗೊಳಗೇ ಒಡೆದು, ಐದಾರು ವರ್ಷ ಆದಮೇಲೆ ಹಾಕಿದ ದಿನ ಚಕ್ಕುಲಿ ಹಾಗೆ ಪುಡಿಯಾಗಬಹುದು. ಆದ್ದರಿಂದ ಚೆನ್ನಾಗಿದೆ ಅಂತ ಎತ್ತಿಡಬೇಡಿ, ಹಾಕಿ. ಡಬ್ಬಿಯ ಮೇಲೆ ಫೋಟೊ ಅಂಟಿಸಿ, ಒಂದು ನೋಟ್‌ಬುಕ್‌ನಲ್ಲಿ ತಂದ ದಿನ, ಬೆಲೆ, ಎಲ್ಲಿ ಕಚ್ಚುತ್ತದೆ ಅನ್ನುವುದನ್ನು ಬರೆದಿಡಿ.

ಮನೆ, ಆಮೇಲೆ ಬೀದಿ

ಅಲಮಾರಿಯ ಹಿಂದೆ ಬಚ್ಚಿಟ್ಟದ್ದು ಒಂದಲ್ಲ ಒಂದು ದಿನ ಸಿಗುತ್ತದೆ. ಆಗ ಹೆಂಡತಿ ಮನಸ್ಸಿಗೆ ಮೊದಲು ಬರುವುದು ಇದು ಯಾರ ಶೂ ಅನ್ನುವ ಪ್ರಶ್ನೆ. ಆ ನೋವು ಅವಳಿಗೆ ಕೊಡಬೇಡಿ, ಮೊದಲೇ ಹೇಳಿ. ನಾನು ಹೇಳುವುದಕ್ಕೆ ನಾಲ್ಕು ವರ್ಷ ತಗೊಂಡೆ, ಅದೊಂದೇ ನನಗೆ ಉಳಿದಿರುವ ಪಶ್ಚಾತ್ತಾಪ. ಅವಳು ಎರಡು ದಿನ ಸುಮ್ಮನಿದ್ದಳು, ಮೂರನೇ ದಿನ ಹಾಕಿ ತೋರಿಸು ಅಂದಳು, ನೋಡಿ ಮಂಡಿ ನೆಟ್ಟಗೆ ಮಾಡು ಅಂದಳು.

ಮೊದಲ ಸಲ ಹೊರಗೆ ಹೋಗುವಾಗ ಜಾಗ ನೋಡಿ ಆರಿಸಿ. ಬೆಂಗಳೂರಿನ ಫುಟ್‌ಪಾತ್ ಸ್ಟಿಲೆಟೊಗೆ ಹೇಳಿ ಮಾಡಿಸಿದ್ದಲ್ಲ, ಚಪ್ಪಡಿ ಸಂದಿಯಲ್ಲಿ ಹೀಲ್ ಸಿಕ್ಕಿಬೀಳುತ್ತದೆ. ಸಮನಾದ ನೆಲ ಇರುವ ಮಾಲ್, ಡ್ಯಾನ್ಸ್ ಕ್ಲಾಸ್, ಸ್ನೇಹಿತರ ಮನೆ, ಹೀಗೆ. ಒಬ್ಬರು ಜೊತೆಗಿರಲಿ, ಬ್ಯಾಗಿನಲ್ಲಿ ಚಪ್ಪಲಿ ಇರಲಿ, ಒಂದು ಗಂಟೆ ಸಾಕು. ಜನ ನೋಡುತ್ತಾರೆ. ನೀವು ತಲೆ ತಗ್ಗಿಸದೆ ನಡೆದರೆ ಜಾಸ್ತಿ ಹೊತ್ತು ನೋಡುವುದಿಲ್ಲ, ಇದು ನನ್ನ ಅನುಭವ. ಯಾರಾದರೂ ಕುಡಿದು ಹಿಂದೆ ಬಿದ್ದರೆ ವಾದಕ್ಕೆ ನಿಲ್ಲದೆ ಅಲ್ಲಿಂದ ಹೊರಡಿ.

ವಾಪಸ್ ಬಂದ ಮೇಲೆ ಉಗುರುಬೆಚ್ಚನೆ ನೀರಿನಲ್ಲಿ ಕಾಲಿಟ್ಟುಕೊಳ್ಳಿ, ಮೀನಖಂಡ ಎಳೆಯಿರಿ, ಶೂ ಒರೆಸಿ. ಹೀಲ್ ತುದಿಯ ರಬ್ಬರ್ ಟಿಪ್ ನೋಡಿ. ನಡೆಯುವಾಗ ಟಿಕ್ ಟಿಕ್ ಅಂತ ಲೋಹದ ಸದ್ದು ಬಂದಿದ್ದರೆ ಅದು ಸವೆದು ಒಳಗಿನ ಮೊಳೆ ಹೊರಬಂದಿದೆ ಅಂತ ಅರ್ಥ, ನುಣುಪು ನೆಲದಲ್ಲಿ ಜಾರುವುದು ಖಚಿತ. ನಾಳೆ ಬೆಳಿಗ್ಗೆಯೇ ರಿಪೇರಿಗೆ ಕೊಡಿ, ಶನಿವಾರಕ್ಕೆ ಮತ್ತೆ ಬೇಕಾಗುತ್ತದೆ.