ಮಕ್ಕಳನ್ನು ಜಿನೀವಾಗೆ ಕರೆದೊಯ್ಯುವ ಮೊದಲು

ಶಾಲೆಯಿಂದ ಯುರೋಪಿಗೆ ವಿಜ್ಞಾನ ಪ್ರವಾಸ ಅಂದರೆ ನಾನು ಜಿನೀವಾ ಅಂತಲೇ ಹೇಳುತ್ತೇನೆ. ಕಾರಣ ಸೆರ್ನ್, ಅಂದರೆ ಅಲ್ಲಿರುವ ಯುರೋಪಿನ ಕಣ ಭೌತವಿಜ್ಞಾನ ಸಂಶೋಧನಾ ಕೇಂದ್ರ. ಊರೊಳಗಿಂದ 18ನೇ ನಂಬರ್ ಟ್ರಾಮ್ ಹತ್ತಿದರೆ ಕೊನೆಯ ಸ್ಟಾಪೇ ಅದು.

ಅಲ್ಲಿನ ಸೈನ್ಸ್ ಗೇಟ್‌ವೇ ಎಂಬ ವಿಜ್ಞಾನ ಪ್ರದರ್ಶನ ಕೇಂದ್ರ 2023ರಲ್ಲಿ ಶುರುವಾಯಿತು. ಪ್ರವೇಶ ಉಚಿತ, ಆದರೆ ಸೋಮವಾರ ರಜೆ. ಗೈಡ್ ಜೊತೆ ಸುತ್ತಬೇಕೆಂದರೆ ಗುಂಪಿಗೆ ಮೊದಲೇ ಬುಕ್ ಮಾಡಿ. ಟಿಕೆಟ್, ವೀಸಾಗಿಂತ ಮುಂಚೆ ಈ ದಿನಾಂಕ ನೋಡಿಕೊಳ್ಳಿ.

ಒಂದು ಮಾತು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಬಿಡಿ. ಪ್ರೋಟಾನ್ ಎಂಬ ಪರಮಾಣುವಿನೊಳಗಿನ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಸೆರ್ನ್‌ನ ದೊಡ್ಡ ಯಂತ್ರ ಇರುವ, 27 ಕಿ.ಮೀ. ಸುತ್ತಳತೆಯ ಸುರಂಗ ನೆಲದಿಂದ ಸುಮಾರು 100 ಮೀಟರ್ ಕೆಳಗಿದೆ. ಯಂತ್ರ ಓಡುತ್ತಿರುವಾಗ ಯಾರನ್ನೂ ಇಳಿಸುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಅಲ್ಲಿ ಸುಮ್ನೆ ಮುಖ ಸಪ್ಪೆ ಮಾಡಿಕೊಳ್ಳುತ್ತವೆ. ಪ್ರೋಟಾನ್‌ಗಳು ಅದರಲ್ಲಿ ಸೆಕೆಂಡಿಗೆ 11,000ಕ್ಕೂ ಜಾಸ್ತಿ ಸುತ್ತು ಹಾಕುತ್ತವೆ ಎಂದು ತರಗತಿಯಲ್ಲೇ ಲೆಕ್ಕ ಮಾಡಿಸಿ, ಅಲ್ಲಿ ಪ್ರಶ್ನೆಗಳು ತಾವಾಗೇ ಬರುತ್ತವೆ. ಆವರಣದಲ್ಲಿ ಭಾರತ 2004ರಲ್ಲಿ ಕೊಟ್ಟ ನಟರಾಜ ವಿಗ್ರಹವೂ ಇದೆ. ನೋಡಲು ಆಗುತ್ತದಾ ಅಂತ ಗೈಡ್‌ನ ಕೇಳಿ.

ಮಧ್ಯಾಹ್ನ ಉಳಿದರೆ ಸರೋವರದ ದಂಡೆಯ ವಿಜ್ಞಾನ ಇತಿಹಾಸ ಮ್ಯೂಸಿಯಂ, ಚಿಕ್ಕದು, ಚೊಕ್ಕವಾಗಿದೆ. ಊಟ ಮಾತ್ರ ತುಂಬಾ ದುಬಾರಿ. ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ನಾಚಿಕೆ ಯಾಕೆ, ಅಲ್ವಾ?

ಹೋಟೆಲ್ ಅಥವಾ ಹಾಸ್ಟೆಲ್‌ನಲ್ಲಿ ಉಳಿದವರಿಗೆ ಬಸ್ಸು, ಟ್ರಾಮ್ ಓಡಾಟಕ್ಕೆ ಉಚಿತ ಕಾರ್ಡ್ ಸಿಗುತ್ತದೆ, ಕೇಳಿ ಪಡೆಯಿರಿ.